ಇನ್ನೂರು ಗ್ರೇನಿನ ಡಬ್ಬಿ

ಸೆಪ್ಟೆಂಬರ್ ೧೪ರಂದು ಬೆಳಿಗ್ಗೆ ೧೧ ಗಂಟೆ ೪೦ ನಿಮಿಷಕ್ಕೆ ಟ್ಯಾಮರಾಕ್ ಲ್ಯಾಂಡಿಂಗ್ ಠಾಣೆಗೆ ಬಂದದ್ದನ್ನು ದೂರು ಎನ್ನಬೇಕೋ ತಪ್ಪೊಪ್ಪಿಗೆ ಎನ್ನಬೇಕೋ ಸಾರ್ಜೆಂಟ್ ರೂತ್ ನಿಕೊಲಾಯ್‌ಗೆ ತಿಳಿಯಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಆರ್ಲೋ ಪಿಟ್ಕಾ. ಅರವತ್ತೊಂದು ವರ್ಷದ ಗಟ್ಟಿ ಆಳು. ಮೊಣಕಾಲಿನ ತನಕ ಕೆಸರು, ಎರಡೂ ಕೈಗೆ ಒಣಗಿದ ರಕ್ತ. ಕುದುರೆಗಿಂತ ದೊಡ್ಡ ಜಿಂಕೆಯಾದ ಮೂಸ್‌ನ ಬೇಟೆಯ ಕಾಲ ಶುರುವಾಗಿ ಎರಡು ವಾರವಾಗಿತ್ತು. ಆ ಕಾಲದಲ್ಲಿ ರಕ್ತ ಮೆತ್ತಿದ ಕೈ ಕಂಡರೆ ಈ ಊರಿನವರು ಬೆಚ್ಚುವುದಿಲ್ಲ, ಕೊಂಬು ಎಷ್ಟು ಅಗಲ ಎಂದು ವಿಚಾರಿಸುತ್ತಾರೆ. ರೂತ್ ಕೂಡ ಹಾಗೇ ಕೇಳಲು ಬಾಯಿ ತೆರೆದವಳು ಅವನ ಮುಖ ನೋಡಿ ಎದ್ದು ನಿಂತಳು.

“ಗಸ್‌ನ ಕೊಂದುಬಿಟ್ಟೆ, ರೂತ್,” ಅಂದ.

“ಯಾವ ಗಸ್?” ಎಂದದ್ದು ಪೇದೆ ವೆಂಡೆಲ್ ಕ್ರೋಗ್. ಊರಿಗೆಲ್ಲ ಇರುವುದು ಒಬ್ಬನೇ ಗಸ್ ಎಂದು ಅವನಿಗೂ ಗೊತ್ತಿತ್ತು. ಆದರೆ ಕೆಲವು ಮಾತು ಕಿವಿಗೆ ಬಿದ್ದ ಮೇಲೂ ತಲೆಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಗಸ್ ಹ್ಯಾಲ್ವರ್ಸನ್ ಎಂದರೆ ನದಿ ದಡದ ಬಂದೂಕಿನ ಅಂಗಡಿಯವನು. ಆರ್ಲೋ ಎಂದರೆ ಆ ಅಂಗಡಿಯ ಎರಡನೇ ಸ್ಟೂಲಿನ ಮೇಲೆ ಸದಾ ಕೂತಿರುವವನು. ಮೂವತ್ತೊಂದು ವರ್ಷ ಇಬ್ಬರದೂ ಒಂದೇ ದೋಣಿ, ಒಂದೇ ಡೇರೆ, ಒಂದೇ ಬಾಣಲೆ. ಇವನು ಅವನನ್ನು ಕೊಂದ ಎಂದರೆ ಯಾರು ತಾನೇ ನಂಬುತ್ತಾರೆ?

ರೂತ್ ಕುರ್ಚಿ ಎಳೆದು ಅವನನ್ನು ಕೂರಿಸಿ ಕಾಗದ ತೆಗೆದುಕೊಂಡಳು.

“ಎಲ್ಲಿ?”

“ಗೂಸ್‌ನೆಕ್ ಕೆರೆ. ಪಡುವಣ ದಡ.”

“ಎಷ್ಟು ಹೊತ್ತಿಗೆ?”

“ಏಳೂ ಇಪ್ಪತ್ತು.”

“ಎಷ್ಟು ಗುಂಡು ಹೊಡೆದೆ?”

“ಒಂದೇ. ಅವನು ಪೊದೆ ಹಿಂದೆ ಕೂತು ಕೂಗು ಹಾಕ್ತಿದ್ದ. ಅವನು ಕರೆದ, ಮೂಸ್ ಬಂತು, ನಾನು ಹೊಡೆದೆ. ಅವನು ಎಡಕ್ಕಿದಾನೆ ಅಂತ ತಿಳಿದಿದ್ದೆ. ಇರ್ಲಿಲ್ಲ. ಮೂಸ್ ದಾಟಿ ಹೋಗಿ ಅವನಿಗೆ ತಗುಲಿದೆ.”

“ಇನ್ಯಾರಾದ್ರೂ ಇದ್ರಾ?”

“ಯಾರೂ ಇಲ್ಲ.”

“ಬೇರೆ ಸದ್ದು?”

“ನಂದೊಂದು. ಅದರ ಬೆನ್ನಿಗೇ ದಿಣ್ಣೆ ಕಡೆಯಿಂದ ಮಾರ್ದನಿ. ಅಷ್ಟೇ.” ಆರ್ಲೋ ತನ್ನ ಕೈಗಳನ್ನು ನೋಡಿಕೊಂಡ. “ಇದು ಮೂಸ್ ರಕ್ತ ಅಲ್ಲ, ರೂತ್. ಮೂಸ್‌ನ ನಾನು ಮುಟ್ಟೇ ಇಲ್ಲ.”

೧೨ ಗಂಟೆ ೫ ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು ಎಂದು ಬರೆದಾಗ ರೂತ್‌ಳ ಕೈ ಒಮ್ಮೆ ನಿಂತಿತು. ಕಳೆದ ಕ್ರಿಸ್‌ಮಸ್ಸಿಗೆ ಅವಳು ಊಟ ಮಾಡಿದ್ದು ಈ ಇಬ್ಬರ ಮೇಜಿನಲ್ಲೇ. ಆರ್ಲೋ ತಾನಾಗಿ ಎದ್ದು ಲಾಕಪ್ಪಿನೊಳಗೆ ಹೋಗಿ ಬೆಂಚಿನ ಮೇಲೆ ಕೂತ. ವೆಂಡೆಲ್ ಅವನ ಬೆಲ್ಟನ್ನೂ ಬೂಟಿನ ದಾರವನ್ನೂ ಬಿಚ್ಚಿಸಿಕೊಂಡ.

ಸ್ಥಳ ಮಹಜರು ಶುರುವಾದದ್ದು ೧ ಗಂಟೆ ೫೦ಕ್ಕೆ. ಪಂಚರಾಗಿ ದೋಣಿ ರಿಪೇರಿಯ ಇಬ್ಬರು ಬಂದಿದ್ದರು. ಕೆರೆಯ ಅಂಚಿನಲ್ಲಿ ದೊಡ್ಡ ಗಂಡು ಮೂಸ್ ಪಕ್ಕಕ್ಕೆ ಒರಗಿ ಬಿದ್ದಿತ್ತು. ಅದರಿಂದ ಅರವತ್ತು ಹೆಜ್ಜೆ ಆಚೆ, ವಿಲೋ ಪೊದೆಯೊಳಗೆ ಗಸ್. ಮೂಸನ್ನು ಕರೆಯಲು ಗಿಡಕ್ಕೆ ಉಜ್ಜುವ ಹಳೆಯ ಮೂಳೆ ಇನ್ನೂ ಕೈಯಲ್ಲೇ ಇತ್ತು. ಬಿದ್ದ ಮೇಲೆ ಹೊರಳಿದ್ದ, ಆಮೇಲೆ ಆರ್ಲೋ ಅವನನ್ನು ತೊಡೆಯ ಮೇಲೆ ಎಳೆದುಕೊಂಡಿದ್ದ. ಹೀಗಾಗಿ ಗುಂಡು ಬಿದ್ದಾಗ ಯಾವ ಕಡೆ ಮುಖ ಮಾಡಿದ್ದ ಎಂದು ಹೇಳುವಂತಿರಲಿಲ್ಲ. ಗುಂಡು ಎದೆಯ ಒಂದು ಮಗ್ಗುಲಿಂದ ಹೊಕ್ಕು ಇನ್ನೊಂದು ಮಗ್ಗುಲಿಂದ ಹೊರಗೆ ಹೋಗಿತ್ತು.

ವೆಂಡೆಲ್ ಟೋಪಿ ತೆಗೆದ. ಆಮೇಲೆ ಅಳತೆಪಟ್ಟಿ ಹಿಡಿದ.

ಇಲ್ಲಿ ರೂತ್ ಒಂದು ತಪ್ಪು ಮಾಡಿದಳು. ಬೇರೆ ಊರಿನ ಯಾವ ಪೊಲೀಸರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಹೆಣವನ್ನು ದೋಣಿಗೆ ಸಾಗಿಸುವಾಗ ಪಂಚರಲ್ಲೊಬ್ಬ, “ಮೂಸ್ ಏನ್ಮಾಡೋದು ಸಾರ್ಜೆಂಟ್? ಬಿಸಿಲು ಜೋರಾಗಿದೆ, ಕೆಟ್ಟುಹೋಗುತ್ತೆ,” ಅಂದ. ಮೂಸ್ ಮಾಂಸವನ್ನು ಕೊಳೆಯಲು ಬಿಡುವುದು ಇಲ್ಲಿ ಕಾನೂನಿಗೆ ಅಪರಾಧ, ಊರಿನ ಕಣ್ಣಿಗೆ ಪಾಪ. ರೂತ್ ಇದೇ ಊರಿನ ಹೆಣ್ಣು, ಮೂಸ್ ಸಾರು ಉಂಡು ಬೆಳೆದವಳು. ಯೋಚನೆಯನ್ನೂ ಮಾಡದೆ, “ಕೊಯ್ದು ಹಂಚಿಬಿಡಿ, ವಯಸ್ಸಾದವರಿಗೆ ಮೊದಲು,” ಅಂದುಬಿಟ್ಟಳು. ಸಂಜೆಯೊಳಗೆ ಪ್ರಕರಣದ ದೊಡ್ಡ ಸಾಕ್ಷ್ಯ ಹತ್ತೊಂಬತ್ತು ಮನೆಗಳ ಪಾತ್ರೆ ಸೇರಿತು.

ಮರುದಿನ, ಸೆಪ್ಟೆಂಬರ್ ೧೫, ೩ ಗಂಟೆ ೧೫ಕ್ಕೆ ಆಂಕರೇಜ್ ನಗರದಿಂದ ಶವಪರೀಕ್ಷೆಯ ಡಾಕ್ಟರ ಫೋನ್ ಬಂತು.

“ನಿಮ್ಮವನು ಯಾವ ಗುಂಡು ಹೊಡೆದೆ ಅಂತಾನೆ?”

“.೩೩೮ರದು. ಇನ್ನೂರೈವತ್ತು ಗ್ರೇನ್ ತೂಕ, ಒಳಗೆ ಸೀಸ, ಮೂತಿ ಮೆತ್ತಗಿನದು.”

“ಅದು ಮೊದಲು ಮೂಸ್ ಒಳಗೆ ಹೋಗಿ ಆಮೇಲೆ ಈತನಿಗೆ ಬಿತ್ತು ಅಂತ?”

“ಹೌದು.”

“ಹಾಗಿದ್ರೆ ನನಗೆ ಅರ್ಥ ಆಗ್ತಿಲ್ಲ. ಹೊಕ್ಕ ಜಾಗ ಚಿಕ್ಕದು, ದುಂಡಗಿದೆ. ಯಾವುದಕ್ಕೂ ತಾಗದೆ ನೇರ ಬಂದ ಗುಂಡು ಮಾಡೋ ಗಾಯ ಅದು. ಇನ್ನೊಂದು ಮಾತು, ಎಕ್ಸ್-ರೇನಲ್ಲಿ ಸೀಸದ ಒಂದು ಚೂರೂ ಇಲ್ಲ. ಸೀಸದ ಗುಂಡು ಒಳಗೆಲ್ಲ ಉಪ್ಪು ಚೆಲ್ಲಿದ ಹಾಗೆ ಚೂರು ಬಿಟ್ಟು ಹೋಗುತ್ತೆ. ಇಲ್ಲಿ ಏನೂ ಇಲ್ಲ.”

ರೂತ್ ಫೋನ್ ಇಟ್ಟಳು. .೩೩೮ ಎಂಬುದು ಮಧ್ಯಮ ನಳಿಗೆಯ ಬಂದೂಕು. ಜಿಂಕೆಗೆ ಹೆಚ್ಚು, ಆನೆಗೆ ಕಮ್ಮಿ, ಮೂಸಿಗೂ ಕರಡಿಗೂ ಹದ. ಈ ಊರಿನಲ್ಲಿ ಮನೆಗೊಂದು ಇದೆ. ಬಂದೂಕು ಎಲ್ಲರದೂ ಒಂದೇ ಆದ ಮೇಲೆ ಜಗಳವೆಲ್ಲ ಗುಂಡಿನದು. ಗುಂಡನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ, ಸುಮಾರು ಹದಿನೈದು ಗ್ರೇನ್ ಸೇರಿದರೆ ಒಂದು ಗ್ರಾಂ. ಚಳಿಗಾಲದ ಆರು ತಿಂಗಳು ಕಾಫಿ ಹೋಟೆಲಿನಲ್ಲಿ ಕೂತು, ಭಾರದ್ದು ಒಳ್ಳೆಯದೋ ಹಗುರದ್ದೋ, ಸೀಸದ್ದೋ ಗಟ್ಟಿ ತಾಮ್ರದ್ದೋ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಯಾರ ಮನೆಯಲ್ಲಿ ಯಾವ ನಾಯಿ ಎಂದು ಗೊತ್ತಿರುವ ಹಾಗೆ, ಯಾರ ಬಂದೂಕಿನಲ್ಲಿ ಯಾವ ಗುಂಡು ಎಂದೂ ಊರಿಗೆಲ್ಲ ಗೊತ್ತು.

ಅವಳು ಲಾಕಪ್ಪಿನ ಹತ್ತಿರ ಹೋದಳು. ಬೆಳಗಿನ ಬ್ರೆಡ್ಡು, ಮಧ್ಯಾಹ್ನದ ಸೂಪು ಎರಡೂ ಹಾಗೇ ಇದ್ದವು.

“ಆರ್ಲೋ, ನಿನ್ನ ಗುಂಡಲ್ಲ ಅನ್ಸುತ್ತೆ.”

“ಸಮಾಧಾನ ಮಾಡಬೇಡ, ರೂತ್.”

“ಡಾಕ್ಟ್ರು ಹೇಳಿದ್ದು.”

“ಡಾಕ್ಟ್ರು ಅಲ್ಲಿದ್ರಾ? ನಾನಿದ್ದೆ. ಹೊಡೆದೋನು ನಾನು, ಸತ್ತೋನು ಅವನು. ನಡುವೆ ಇನ್ಯಾರು ಬರ್ತಾರೆ?” ಅವನು ಗೋಡೆ ಕಡೆ ತಿರುಗಿದ. “ವಕೀಲರು ಬಂದಾಗ ತಪ್ಪಾಯ್ತು ಅಂತೀನಿ. ಏನು ಕೊಡ್ತಾರೋ ಕೊಡಲಿ.”

ಸರ್ಕಾರಿ ವಕೀಲರು ಬರುವುದು ೧೮ಕ್ಕೆ. ಒಪ್ಪಿಕೊಂಡಿದ್ದಾನಲ್ಲ, ಇನ್ನೇನು ಬೇಕು ಎನ್ನುವ ಜಾತಿಯವರು. ಆರ್ಲೋ ಒಮ್ಮೆ ಅವರೆದುರು ತಲೆ ಆಡಿಸಿದರೆ ಮುಗಿಯಿತು. ಜೈಲು ಆಮೇಲಿನ ಮಾತು. ತನ್ನ ಕೈಯಾರೆ ಗಸ್‌ನನ್ನು ಕೊಂದೆ ಎಂದುಕೊಂಡು ಈ ಮನುಷ್ಯ ಚಳಿಗಾಲ ದಾಟುವುದಿಲ್ಲ ಎಂಬುದು ರೂತ್‌ಳ ಹೆದರಿಕೆ. ಅದನ್ನು ತಪ್ಪಿಸಲು ಇರುವುದು ಒಂದೇ ದಾರಿ, ಆರ್ಲೋನ ಗುಂಡು ಮೂಸಿನೊಳಗೇ ಉಳಿದಿತ್ತು ಎಂದು ತೋರಿಸುವುದು. ಆ ಮೂಸ್ ಈಗ ಹತ್ತೊಂಬತ್ತು ಪಾಲು.

೧೬ರ ಬೆಳಿಗ್ಗೆ ೮ ಗಂಟೆಗೆ ಇಬ್ಬರೂ ಮನೆ ಮನೆ ಹೊರಟರು. ಚರ್ಮ ಸುಲಿದವರು, ಗುಂಡು ಎಡಹೆಗಲಿಂದ ಹೊಕ್ಕಿತ್ತು, ಆದರೆ ತಮಗೆ ಸಿಗಲಿಲ್ಲ ಎಂದಿದ್ದರು. ಹಾಗಾದರೆ ಅದು ಬಲಗಡೆಯ ಹೆಗಲಿನ ಮಾಂಸದಲ್ಲಿ ಇರಬೇಕು. ಇಲ್ಲವೇ ಆರ್ಲೋ ಹೇಳಿದ್ದೇ ನಿಜವಾಗಬೇಕು. ಬಲಹೆಗಲು ಯಾರ ಮನೆಗೆ ಹೋಯಿತು ಎಂದು ಯಾರಿಗೂ ನೆನಪಿಲ್ಲ. ಒಬ್ಬರು ತೊಡೆ ಅಂದರು, ಒಬ್ಬರು ಪಕ್ಕೆಲುಬು ಅಂದರು. ಒಬ್ಬಾಕೆ ಆಗಲೇ ಎಲ್ಲವನ್ನೂ ಕೊಚ್ಚಿ ಡಬ್ಬಿಗೆ ತುಂಬಿದ್ದಳು. ವೆಂಡೆಲ್ ಎಂಟು ಮನೆಯಲ್ಲಿ ಎಂಟು ಸಲ ಕಾಫಿ ಕುಡಿದ.

“ತನಿಖೆಗೆ ಬಂದಿದೀಯೋ, ನೆಂಟರ ಮನೆಗೆ ಬಂದಿದೀಯೋ?” ಎಂದು ರೂತ್ ಗದರಿದಳು.

“ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ, ಸಾರ್ಜೆಂಟ್. ಬೇಜಾರಾದೋರು ಬಾಯಿ ಬಿಡಲ್ಲ.”

ಹದಿನಾಲ್ಕನೆಯ ಮನೆ ಎಡ್ನಾ ಅಜ್ಜಿಯದು. ಎಂಬತ್ತಾರು ವರ್ಷ. ಬಾಗಿಲು ತೆರೆದವಳೇ ಶುರುಹಚ್ಚಿಕೊಂಡಳು.

“ಬಂದ್ಯಾ ಮಗಳೇ, ಒಳ್ಳೇದಾಯ್ತು. ಆ ಆರ್ಲೋ ಮೇಲೆ ನಂದೂ ಒಂದು ಕಂಪ್ಲೇಂಟ್ ಬರ್ಕೋ.”

“ಏನಾಯ್ತು ಅಜ್ಜಿ?”

“ನನ್ನ ಚಾಕು ನೋಡು. ನಮ್ಮೆಜಮಾನ್ರು ಮಾಡಿಕೊಟ್ಟಿದ್ದು, ನಲವತ್ತು ವರ್ಷದ್ದು. ಹೆಗಲು ಕೊಯ್ತಿದ್ದೆ, ಕಟ್ ಅಂತು. ಬಾಯಿ ಹೋಯ್ತು. ಇಂಥದ್ದು ಬಿಟ್ಟು ಕಳಿಸ್ತಾರಾ ಮಾಂಸದಲ್ಲಿ?”

ಕಿಟಕಿಯ ಅಂಚಿನಲ್ಲಿ, ಅಂಗಿಯ ಗುಂಡಿ ಹಾಕಿಡುವ ತಟ್ಟೆಯಲ್ಲಿ, ಅದು ಇತ್ತು. ಹಿಂಬದಿ ಹಾಗೇ ಉಳಿದು, ಮುಂಬದಿ ಅಣಬೆಯ ಕೊಡೆಯಂತೆ ಅರಳಿ ಮಡಿಚಿಕೊಂಡ ಸೀಸ. ವೆಂಡೆಲ್ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣೊರೆಸಿಕೊಂಡ.

“ಯಾಕೋ ಅಳ್ತೀಯ? ಚಾಕು ಹೋಗಿದ್ದು ನಂದು,” ಅಂದಳು ಅಜ್ಜಿ.

ಬೀಗ ಹಾಕಿದ್ದ ಗಸ್‌ನ ಅಂಗಡಿಯನ್ನು ಪಂಚರ ಎದುರು ತೆರೆದು, ಗಸ್‌ನದೇ ತಕ್ಕಡಿಯಲ್ಲಿ ತೂಗಿದರು. ೧೭೧ ಗ್ರೇನ್. ಇನ್ನೂರೈವತ್ತರಲ್ಲಿ ಉಳಿದದ್ದು ಮೂಸಿನ ಮೂಳೆಗಳಲ್ಲಿ ಹಂಚಿಹೋಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಹಿಂಬದಿಯ ಗೆರೆಗಳು ಆರ್ಲೋನ ನಳಿಗೆಯವೇ. ಪ್ರಯೋಗಾಲಯ ಮುದ್ರೆ ಒತ್ತುವುದು ಮಾತ್ರ ಬಾಕಿ. ಆರ್ಲೋ ಹೊಡೆದದ್ದು ಒಂದೇ ಗುಂಡು, ಆ ಒಂದು ಗುಂಡು ಇಲ್ಲಿದೆ.

ಹಾಗಾದರೆ ಗಸ್‌ನನ್ನು ಕೊಂದದ್ದು ಇನ್ನೊಬ್ಬ. ಎರಡು ದಿನ ಅದು ಆಕಸ್ಮಿಕವಾಗಿತ್ತು. ಈಗ ಕೊಲೆಯಾಯಿತು. ಏಳುನೂರು ಜನರ ಊರು, ಅದರಲ್ಲಿ ಅಪರಿಚಿತ ಎನ್ನುವವರು ಒಬ್ಬರೂ ಇಲ್ಲ.

೧೭ರ ಬೆಳಿಗ್ಗೆ ೭ ಗಂಟೆ ೨೦ಕ್ಕೆ ಸರಿಯಾಗಿ ರೂತ್ ಆರ್ಲೋ ನಿಂತ ಜಾಗದಲ್ಲಿ ನಿಂತು, ಆರ್ಲೋನ ಬಂದೂಕಿನಿಂದಲೇ ಒಂದು ಗುಂಡು ನೀರಿನ ಮೇಲಿನ ಮಣ್ಣುದಿಬ್ಬಕ್ಕೆ ಹೊಡೆದಳು. ವೆಂಡೆಲ್ ಗಡಿಯಾರ ಹಿಡಿದು ಕಿವಿಗೊಟ್ಟ. ಸದ್ದು ಜೌಗಿನ ಮೇಲೆ ಹರಡಿ ಕರಗಿಹೋಯಿತು. ಮೂರು ಸಲ ಹೊಡೆದರೂ ದಿಣ್ಣೆ ಕಡೆಯಿಂದ ಒಂದು ಸಣ್ಣ ಮರುಸದ್ದೂ ಬರಲಿಲ್ಲ.

“ಮಾರ್ದನಿ ಎಲ್ಲಿದೆ?” ಅಂದ ವೆಂಡೆಲ್.

“ಅದು ಮಾರ್ದನಿ ಅಲ್ಲ. ಎರಡನೇ ಬಂದೂಕು.”

ದಿಣ್ಣೆಯ ಮೇಲೆ ಪಾಚಿ ಒತ್ತಿಹೋದ ಗುರುತಿತ್ತು, ಒಬ್ಬ ಮನುಷ್ಯ ಬಹಳ ಹೊತ್ತು ಮಲಗಿದ್ದಷ್ಟು ಉದ್ದಕ್ಕೆ. ಅಲ್ಲಿಂದ ಗಸ್ ಬಿದ್ದ ಜಾಗಕ್ಕೆ ಹಗ್ಗ ಹಿಡಿದು, ಅದೇ ನೇರಕ್ಕೆ ಮುಂದೆ ಹೋದಾಗ ಒಂದು ಸ್ಪ್ರೂಸ್ ಮರ ಸಿಕ್ಕಿತು. ಮೊಣಕಾಲೆತ್ತರದಲ್ಲಿ ಯಾರೋ ಚಾಕುವಿನಿಂದ ಅಂಗೈಯಗಲ ಕೊರೆದಿದ್ದರು. ಕೊರೆತದ ಅಂಟು ಇನ್ನೂ ಒಣಗಿರಲಿಲ್ಲ. ಒಳಗೆ ಗುಂಡು ಇರಲಿಲ್ಲ.

“ಆರ್ಲೋ ಠಾಣೆಗೆ ಹೊರಟ ಮೇಲೆ ಬಂದು, ಸಾಕ್ಷಿ ಸಿಗಬಾರದು ಅಂತ ಕಿತ್ಕೊಂಡು ಹೋಗಿದಾನೆ,” ಅಂದ ವೆಂಡೆಲ್.

ರೂತ್ ಕೊರೆತವನ್ನು ಬೆರಳಿನಿಂದ ಸವರಿದಳು. ಸುತ್ತ ಅಂಚು ಬಿಟ್ಟು, ಗುಂಡಿಗೆ ಚಾಕು ತಾಗದ ಹಾಗೆ, ತಾಳ್ಮೆಯಿಂದ ಕೊರೆದದ್ದು. ಸಾಕ್ಷಿ ಮುಚ್ಚುವವನಿಗೆ ಇಷ್ಟು ನಾಜೂಕು ಯಾಕೆ? ಇಲ್ಲಿನ ಬೇಟೆಗಾರರು ಮೂಸಿನೊಳಗಿಂದ ಗುಂಡು ತೆಗೆಯುವುದು ಹೀಗೆ. ಗೀಚು ಬಿದ್ದರೆ ತೂಕ ತಪ್ಪುತ್ತದೆ. ಮನೆಗೆ ತಂದು ತೊಳೆದು, ತೂಗಿ, ಎಷ್ಟು ಒಡೆಯಿತು ಎಷ್ಟು ಉಳಿಯಿತು ಎಂದು ಚೀಟಿ ಕಟ್ಟಿ ಇಡುತ್ತಾರೆ. ಅದೊಂದು ಚಟ.

“ವೆಂಡೆಲ್, ಗಸ್ ಒಳಗೆ ಸೀಸ ಇರ್ಲಿಲ್ಲ. ಊರಲ್ಲಿ ತಾಮ್ರದ ಗುಂಡು ಯಾರ್ಯಾರು ಹಾಕ್ತಾರೆ? .೩೩೮ರಲ್ಲಿ.”

ವೆಂಡೆಲ್ ಬೆರಳು ಮಡಚಿದ. “ಮೂರು ಜನ. ಸ್ಕೂಲ್ ಮೇಷ್ಟ್ರು, ಹತ್ತನೇ ತಾರೀಕೇ ಕ್ಯಾರಿಬೂ ಬೇಟೆ ಅಂತ ಬಡಗಲಿಗೆ ಹೋದ್ರು, ಜೊತೆಗೆ ನಾಲ್ಕು ಜನ ಇದಾರೆ. ಪಾದ್ರಿ, ಅವ್ರ ಮೊಣಕಾಲು ಆಪರೇಷನ್ ಆಗಿದೆ. ಇನ್ನೊಬ್ಬ...” ಅವನ ಮೂರನೆಯ ಬೆರಳು ಮಡಚಲಿಲ್ಲ. “ಅಯ್ಯೋ ದೇವರೇ. ಲೈಲ್.”

ಲೈಲ್ ಬೆಕ್‌ಸ್ಟ್ರಂ ರಸ್ತೆಯ ಹಿಮ ತಳ್ಳುವ ಯಂತ್ರ ಓಡಿಸುವವನು. ಜಗಳಕ್ಕೆ ಹೋದವನಲ್ಲ, ಕುಡಿದು ಬಿದ್ದವನಲ್ಲ. ಮೂರು ವರ್ಷದ ಹಿಂದೆ ಇದೇ ತಿಂಗಳು ಇಬ್ಬರೂ ಕರಡಿ ಬೇಟೆಗೆ ಹೋಗಿದ್ದಾಗ ಅವನ ಹೆಂಡತಿ ಮಾರ್ನಿಯನ್ನು ಕರಡಿ ಕೊಂದಿತ್ತು. ಆವತ್ತು ಮಹಜರಿಗೆ ಹೋದವಳೂ ರೂತೇ. ಲೈಲ್ ಹೊಡೆದ ಮೊದಲ ಗುಂಡು ಸರಿಯಾಗಿ ಕರಡಿಯ ಹೆಗಲಿಗೇ ಬಿದ್ದಿತ್ತು. ಆದರೆ ಅದು ಇನ್ನೂರು ಗ್ರೇನಿನ ಹಗುರ ಗುಂಡು, ಸೀಸದ ಮೇಲಿನ ಲೋಹದ ಸಿಪ್ಪೆ ತೆಳು. ದೂರದ ಕ್ಯಾರಿಬೂ ಜಿಂಕೆಯೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುವಂಥದ್ದು, ಕರಡಿಯ ಹೆಗಲ ಮೂಳೆಗೆ ಬಡಿದ ಕೂಡಲೇ ಪುಡಿಪುಡಿ. ಮೇಲೆ ತಟ್ಟೆಯಗಲ ಗಾಯ, ಆಳ ನಾಲ್ಕು ಬೆರಳಿಲ್ಲ. ಕರಡಿ ಬೀಳಲಿಲ್ಲ. ಲೈಲ್ ಮತ್ತೆ ಎರಡು ಗುಂಡು ಹಾಕುವಷ್ಟರಲ್ಲಿ ಅದು ಮಾರ್ನಿಯ ಮೇಲಿತ್ತು. ಅಂದಿನಿಂದ ಲೈಲ್ ತಾಮ್ರ ಬಿಟ್ಟು ಬೇರೆ ಗುಂಡು ಮುಟ್ಟಿರಲಿಲ್ಲ. ಗಟ್ಟಿ ತಾಮ್ರ ಅರಳುತ್ತದೆಯೇ ಹೊರತು ಒಡೆಯುವುದಿಲ್ಲ.

ನ್ಯಾಯಾಧೀಶರಿಂದ ಶೋಧನಾ ವಾರಂಟ್ ಬಂದದ್ದು ೧೮ರ ಬೆಳಿಗ್ಗೆ ೯ ಗಂಟೆಗೆ. ೯ ಗಂಟೆ ೪೦ಕ್ಕೆ ಲೈಲ್ ತಾನೇ ಬಾಗಿಲು ತೆರೆದ. ಮುಖ ಇಳಿದಿತ್ತು, ಗಡ್ಡ ಬಂದಿತ್ತು.

“ಕಾಫಿ ಕುಡೀತೀರಾ?”

ಈ ಸಲ ವೆಂಡೆಲ್ ಬೇಡ ಅಂದ.

ಹಿಂದಿನ ಕೋಣೆಯಲ್ಲಿ ಅವನ ಕೆಲಸದ ಮೇಜು. ಮೇಜಿನ ಮೇಲೆ ಗುಂಡು ತೂಗುವ ತಕ್ಕಡಿ, ಪಕ್ಕದಲ್ಲಿ ಮರದ ಪೆಟ್ಟಿಗೆ. ಪೆಟ್ಟಿಗೆಯ ಪ್ರತಿ ಗೂಡಿನಲ್ಲೂ ಒಂದು ಅರಳಿದ ಗುಂಡು, ದಾರದಲ್ಲಿ ಕಟ್ಟಿದ ಚೀಟಿ. ತಾರೀಕು, ಪ್ರಾಣಿ, ದೂರ, ಹಾಕುವಾಗಿನ ತೂಕ, ಉಳಿದ ತೂಕ. ಎಲ್ಲ ಒಂದೇ ದುಂಡನೆಯ ಅಕ್ಷರ. ರೂತ್ ಒಂದೊಂದೇ ಓದುತ್ತಾ ಬಂದಳು. ಮೂಸ್. ಮೂಸ್. ಕರಿ ಕರಡಿ. ಮೂಸ್. ಕೊನೆಯ ಗೂಡಿನಲ್ಲಿ ನಾಲ್ಕು ದಳದ ಹೂವಿನಂತೆ ಅರಳಿದ ತಾಮ್ರದ ಗುಂಡು.

ಸೆಪ್ಟೆಂಬರ್ ೧೪. ೧೪೦ ಗಜ. ೨೨೫. ೨೨೪.೬.

ಪ್ರಾಣಿಯ ಹೆಸರು ಬರೆಯುವ ಜಾಗ ಖಾಲಿ ಇತ್ತು.

ರೂತ್ ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವಳು. ನೀರಿನಲ್ಲಿ ಕೊಳೆತ ಹೆಣ ಎತ್ತಿದ್ದಾಳೆ, ಕರಡಿ ಬಿಟ್ಟುಹೋದದ್ದನ್ನು ಚೀಲಕ್ಕೆ ತುಂಬಿದ್ದಾಳೆ. ಆ ಚೀಟಿಯನ್ನು ಮಾತ್ರ ಅವಳು ಎರಡು ಸಲ ಓದಿದಳು.

“ಲೈಲ್, ಇದನ್ನ ತೂಗಿದ್ಯಾ?”

“ತೂಗಲೇಬೇಕಿತ್ತು.”

“ಯಾಕೆ?”

“ಒಡೀತೋ ಇಲ್ವೋ ನೋಡಬೇಕಿತ್ತು.” ಅವನು ಎರಡೂ ಕೈ ಮುಂದೆ ಚಾಚಿದ. “ಒಡೀಲಿಲ್ಲ.”

ಬಂಧನ, ೧೦ ಗಂಟೆ ೧೦ ನಿಮಿಷ. ಗುಂಡು, ಚೀಟಿ, ಬಂದೂಕು ಜಪ್ತಿ. ವಕೀಲನ ಹಕ್ಕು ಓದಿ ಹೇಳಿದರೂ ಲೈಲ್ ಬೇಡವೆಂದು ತಲೆಯಾಡಿಸಿ, ಠಾಣೆಯಲ್ಲಿ ತಾನಾಗಿಯೇ ಹೇಳಿಕೆ ಕೊಟ್ಟ.

“ಮಾರ್ನೀನೇ ಗುಂಡು ತರೋಕೆ ಹೋಗಿದ್ಲು. ಸೆಪ್ಟೆಂಬರ್ ಮೂರು, ಮಧ್ಯಾಹ್ನ. ಅದೇ ಸಾಯಂಕಾಲ ದೋಣಿ ಹತ್ತಿದ್ವಿ. ಇನ್ನೂರೈವತ್ತರದು ಖಾಲಿ ಅಂತೆ, ಗಸ್ ಅಂಗಡೀಲಿ ಈ ಇನ್ನೂರರದೇ ಸಾಕು ಅಂದ್ರು ಅಂದ್ಲು. ನಾನೂ ನೋಡ್ದೆ. ನೋಡಿ ಸುಮ್ನಾದೆ. ಅಂಗಡಿಯೋರಿಗೆ ಗೊತ್ತಿರಲ್ವಾ ಅಂದ್ಕೊಂಡೆ.”

“ಮೂರು ವರ್ಷ ಸುಮ್ಮನಿದ್ದೆಯಲ್ಲ?”

“ನನ್ನನ್ನೇ ಬೈಕೊಂಡು ಇದ್ದೆ. ಈ ಆಗಸ್ಟಲ್ಲಿ ಅಂಗಡಿಗೆ ಹೋದೆ. ಅದೇ ಡಬ್ಬಿ, ಅದೇ ಶೆಲ್ಫಲ್ಲಿ. ಗಸ್‌ನ ಕೇಳ್ದೆ, ಮಾರ್ನಿಗೆ ಇದನ್ನ ಕೊಟ್ಟೋರು ಯಾರು ಅಂತ. ನಾನೇ ಕೊಟ್ಟೆ ಲೈಲ್, ಅಂದ. ಕಣ್ಣು ಕೂಡ ಪಿಳುಕಿಸಲಿಲ್ಲ. ಅಂಗಡಿಗೆ ಯಾರೇ ಬರಲಿ, ಯಾವುದಕ್ಕೆ ಅಂತ ಕೇಳದೆ ಗಸ್ ಒಂದು ಗುಂಡೂ ಕೊಡಲ್ಲ. ಎಲ್ಲರಿಗೂ ಗೊತ್ತು. ಅಂದ್ರೆ ಅವಳು ಕರಡಿಗೆ ಅಂದಿದಾಳೆ, ಕರಡಿಗೆ ಅಂತ ಗೊತ್ತಿದ್ದೂ ಕೊಟ್ಟಿದಾನೆ.”

“ಆರ್ಲೋ ಮೇಲೆ ಬರುತ್ತೆ ಅಂತ ಹೊಳೀಲಿಲ್ವಾ?”

“ಬೇಟೇಲಿ ಏನೋ ಆಯ್ತು ಅಂತಾರೆ, ಒಂದು ತಿಂಗಳು ಮಾತಾಡ್ತಾರೆ, ಆಮೇಲೆ ಮರೀತಾರೆ ಅಂದ್ಕೊಂಡೆ. ಮಾರ್ನೀನ ಮರೆತ ಹಾಗೆ. ಅವನು ಒಪ್ಕೊಂಡು ಒಳಗೆ ಕೂತಿದಾನೆ ಅಂತ ಕೇಳಿದ ಮೇಲೆ ಅನ್ನ ನೀರು ಸೇರಲಿಲ್ಲ. ನಾಳೆ ನಾಳೆ ಅಂತ ಇದ್ದೆ. ನೀವೇ ಬಂದ್ರಿ.”

೩ ಗಂಟೆಗೆ ಸರ್ಕಾರಿ ವಕೀಲರು ಬಂದು, ಕಾಗದ ನೋಡಿ, ಆರ್ಲೋನನ್ನು ಬಿಡಲು ಒಪ್ಪಿ ಹೋದರು. ೩ ಗಂಟೆ ೪೦ಕ್ಕೆ ರೂತ್ ಅವನನ್ನು ತನ್ನ ಕೋಣೆಗೆ ಕರೆಸಿದಳು. ಬೆಲ್ಟು, ಬೂಟಿನ ದಾರ ಮೇಜಿನ ಮೇಲೆ ಇಟ್ಟಳು. ಹೊಡೆದದ್ದು ಲೈಲ್ ಎಂದು ಹೇಳಿ, ಎಡ್ನಾ ಅಜ್ಜಿಯ ಮನೆಯಲ್ಲಿ ಸಿಕ್ಕ ಗುಂಡನ್ನು ಲಕೋಟೆಯಿಂದ ತೆಗೆದು ತೋರಿಸಿದಳು.

ಆರ್ಲೋ ಅದನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನ ಭುಜ ಕುಸಿಯಿತು, ನಾಲ್ಕು ದಿನದಿಂದ ತಡೆದದ್ದು ಒಡೆದು ಮಗುವಿನಂತೆ ಅತ್ತ. ವೆಂಡೆಲ್ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ರೂತ್‌ಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಈ ಮನುಷ್ಯ ಇನ್ನು ಉಳಿಯುತ್ತಾನೆ ಅಂದುಕೊಂಡಳು.

“ಲೈಲ್ ಯಾಕೆ?” ಎಂದು ಅವನು ಕೊನೆಗೆ ಕೇಳಿದ. “ಗಸ್ ಅವನಿಗೇನು ಮಾಡಿದ್ದ?”

ಕೇಳಿದ್ದಕ್ಕೆ ರೂತ್ ಹೇಳಿಕೆಯ ಕಾಗದ ತೆಗೆದು ಓದಿದಳು. ಇನ್ನೂರು ಗ್ರೇನಿನ ಡಬ್ಬಿಯ ಮಾತು ಬಂದಾಗ ಆರ್ಲೋನ ಅಳು ನಿಂತಿತು. ಅವಳು ಗಮನಿಸಲಿಲ್ಲ, ಓದುತ್ತಾ ಹೋದಳು.

“ಇರು,” ಅಂದ. “ಯಾವತ್ತು ತಗೊಂಡ್ಲು ಅಂತಾನೆ?”

“ಸೆಪ್ಟೆಂಬರ್ ಮೂರು. ಮಧ್ಯಾಹ್ನ.”

“ಯಾವತ್ತು ಹೊರಟ್ರು?”

“ಅದೇ ಸಾಯಂಕಾಲ.”

“ಮಾರನೇ ದಿನ ಅಲ್ವಾ? ಸರಿಯಾಗಿ ನೋಡು, ರೂತ್.”

“ಅದೇ ಸಾಯಂಕಾಲ ದೋಣಿ ಹತ್ತಿದ್ವಿ ಅಂತಾನೆ. ನನ್ನ ಆವತ್ತಿನ ಮಹಜರಿನಲ್ಲೂ ಹಾಗೇ ಇದೆ. ಯಾಕೆ?”

ಆರ್ಲೋ ಬೂಟಿನ ದಾರವನ್ನು ಕೈಗೆ ತೆಗೆದುಕೊಂಡವನು ಹಾಗೇ ಹಿಡಿದುಕೊಂಡಿದ್ದ.

“ಗಸ್ ಆವತ್ತು ಊರಲ್ಲೇ ಇರ್ಲಿಲ್ಲ. ಹಲ್ಲು ಕೀಳಿಸೋಕೆ ಹಿಂದಿನ ದಿನವೇ ವಿಮಾನ ಹತ್ತಿದ್ದ. ಎರಡು ದಿನ ಅಂಗಡೀಲಿ ನಾನು ಕೂತಿದ್ದೆ.” ಅವನು ಹೇಳಿಕೆಯ ಕಾಗದ ನೋಡಿದ. “ರೇಡಿಯೋದಲ್ಲಿ ಮ್ಯಾಚ್ ಬರ್ತಿತ್ತು. ಇನ್ನೂರೈವತ್ತು ಇದೆಯಾ ಅಂದ್ಲು, ಇಲ್ಲ ಅಂದೆ. ಇದು ನಡೆಯುತ್ತಾ ಅಂದ್ಲು, ಧಾರಾಳವಾಗಿ ಅಂದೆ. ಯಾವುದಕ್ಕೆ ಅಂತ ಕೇಳಲಿಲ್ಲ.”

ಆರ್ಲೋ ದಾರವನ್ನು ಬೆರಳಿಗೆ ಸುತ್ತಿಕೊಂಡ.

“ಅವಳು ಸತ್ತಾಗ ಗಸ್‌ಗೆ ಹೇಳ್ದೆ. ನಾನೇ ಕೊಟ್ಟೆ ಕಣೋ, ನನ್ನಿಂದಾನೇ ಆಯ್ತೋ ಏನೋ ಅಂತ. ಅವನು ನಕ್ಕುಬಿಟ್ಟ. ಹುಚ್ಚ, ನೀನು ಕೊಟ್ಟಿದ್ದನ್ನ ಮಾರನೇ ದಿನ ನಾನು ಊರಿಗೆ ಬಂದ ಮೇಲೆ ವಾಪಸ್ ತಂದ್ಲು, ಬದಲಿಗೆ ಹೊಸ ಡಬ್ಬಿ ಕೊಟ್ಟಿದ್ದು ನಾನು, ನಿಂದೇನಿಲ್ಲ ಬಿಡು ಅಂದ. ನಂಬಿದೆ. ಮೂರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೀನಿ.”

ರೂತ್ ಹೇಳಿಕೆಯ ಕಾಗದವನ್ನು ಕೆಳಗಿಟ್ಟಳು. ಗಸ್ ಹ್ಯಾಲ್ವರ್ಸನ್ ಎಂಬ ಮನುಷ್ಯ ಗೆಳೆಯನಿಗೆ ಒಂದು ಸುಳ್ಳು ಹೇಳಿದ್ದ, ಆಗಸ್ಟಿನಲ್ಲಿ ಲೈಲ್ ಎದುರಿಗೆ ಬಂದು ನಿಂತಾಗ ಅದೇ ಸುಳ್ಳಿಗೆ ಎದೆ ಕೊಟ್ಟಿದ್ದ. ಒಂದು ಹೆಸರು ಹೇಳಿದ್ದರೆ ಅವನು ಬದುಕಿರುತ್ತಿದ್ದ.

“ಆರ್ಲೋ, ಕಾನೂನಿನಲ್ಲಿ ಇದಕ್ಕೆ ನಿನ್ನ ಮೇಲೆ ಏನೂ ಇಲ್ಲ,” ಅಂದಳು.

“ಲೈಲ್‌ಗೆ ಗೊತ್ತಾ?”

“ಇಲ್ಲ.”

“ಹೇಳ್ತೀಯಾ?”

“ಹೇಳಿದ್ರೆ ಅವನೇನಾಗ್ತಾನೆ, ಯೋಚನೆ ಮಾಡು. ತಪ್ಪು ಮನುಷ್ಯನ್ನ ಕೊಂದೆ ಅಂತ ಗೊತ್ತಾದ್ರೆ?”

“ಗಸ್ ಬೇಕಂತಲೇ ಕೊಟ್ಟ ಅಂತ ಅವನು ತಿಳಿದಿದಾನಲ್ಲ. ಊರೂ ಇನ್ನು ಹಾಗೇ ತಿಳಿಯುತ್ತೆ.” ಆರ್ಲೋ ಎದ್ದ. ಬೂಟಿನ ದಾರ ಕಟ್ಟಲಿಲ್ಲ. “ಬಾಗಿಲು ತೆಗಿ, ರೂತ್.”

ಬೇಡ ಎನ್ನುವ ಅಧಿಕಾರ ಅವಳಿಗಿತ್ತು. ಅವಳು ಬೀಗದ ಕೈ ತೆಗೆದುಕೊಂಡು ಮುಂದೆ ನಡೆದಳು.

ಠಾಣೆಯ ಇನ್ನೊಂದು ಲಾಕಪ್ಪಿನಲ್ಲಿ ಲೈಲ್ ಬೆಂಚಿನ ತುದಿಯಲ್ಲಿ ತಲೆ ಹಿಡಿದು ಕೂತಿದ್ದ. ಆರ್ಲೋನನ್ನು ಕಂಡವನೇ ಎದ್ದು ಕಂಬಿಯ ಹತ್ತಿರ ಬಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

“ಆರ್ಲೋ, ನಿನ್ನನ್ನ ಇದಕ್ಕೆ ಎಳೀಬಾರದಿತ್ತು. ನೀನು ನನಗೇನೂ ಮಾಡಿದೋನಲ್ಲ. ನಿನಗೆ ದೊಡ್ಡ ಅನ್ಯಾಯ ಮಾಡಿದೆ. ಕ್ಷಮಿಸ್ತೀಯಾ?”

ಆರ್ಲೋ ಕಂಬಿಯ ಈಚೆ ಸ್ಟೂಲು ಎಳೆದುಕೊಂಡು ಕೂತ.

“ಕೂತ್ಕೋ ಲೈಲ್,” ಅಂದ. “ನಿನಗೆ ಒಂದು ಮಾತು ಹೇಳಬೇಕು.”